ಸುಟ್ಟ ಕಾಡಿಗೆ ಅಮ್ಮನನ್ನು ಕರೆದೊಯ್ಯಬಹುದೇ?

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವ ಮನೆಗಳಿಂದ ಈ ಅಂಕಣಕ್ಕೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾಡಿನ ಬಗ್ಗೆ. ಅದು ಸಾಂತಾ ಕ್ರೂಜ್ ಬೆಟ್ಟಸಾಲಿನಲ್ಲಿರುವ ಬಿಗ್ ಬೇಸಿನ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್. 1902ರಲ್ಲಿ ಆದದ್ದು, ಆ ರಾಜ್ಯದ ಸ್ಟೇಟ್ ಪಾರ್ಕ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು. ಸನಿವೇಲ್, ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ನೆಲೆಸಿರುವ ನಮ್ಮವರು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದಷ್ಟು ದೂರ. 2020ರ ಆಗಸ್ಟ್‌ನಲ್ಲಿ ಬಿದ್ದ ಕಾಳ್ಗಿಚ್ಚು ಪಾರ್ಕಿನ ಶೇ 97ರಷ್ಟು ಭಾಗವನ್ನು ಸುಟ್ಟಿತು. ಎರಡು ವರ್ಷ ಬಾಗಿಲು ಹಾಕಿದ್ದ ಪಾರ್ಕ್ 2022ರ ಜುಲೈನಲ್ಲಿ ಭಾಗಶಃ ತೆರೆಯಿತು. ‘ಈಗ ಹೋಗಿ ಏನು ನೋಡುವುದು?’ ಎಂಬುದೇ ಬಹಳ ಜನರ ಪ್ರಶ್ನೆ. ಆ ಕಾಡಿನ ಬಗ್ಗೆ ನನಗಿರುವ ಪ್ರೀತಿಯನ್ನು ಮುಚ್ಚಿಡದೆ ಉತ್ತರಿಸುತ್ತೇನೆ.

ನನಗೆ ಅರವತ್ತೆಂಟು. ಎಡ ಮಂಡಿ ನೋವು. ಮಗ ಸನಿವೇಲ್‌ನಲ್ಲಿದ್ದಾನೆ, ಆಗಸ್ಟ್‌ನಲ್ಲಿ ಹೋಗುತ್ತಿದ್ದೇವೆ. ಅವನು ಬಿಗ್ ಬೇಸಿನ್‌ಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಸೊಸೆ, ‘ಅಲ್ಲೇನಿದೆ ಅತ್ತೆ, ಎಲ್ಲ ಸುಟ್ಟುಹೋಗಿದೆ’ ಅನ್ನುತ್ತಾಳೆ. ಯಾರ ಮಾತು ಕೇಳಲಿ?
*— ಒಬ್ಬ ತಾಯಿ, ಹಾಸನ*

ಅಮ್ಮಾ, ನಿಮ್ಮ ಸೊಸೆ ಹೇಳಿದ್ದು ಸುಳ್ಳಲ್ಲ. ಆದರೂ ನೀವು ಮಗನ ಜೊತೆ ಹೋಗಿ ಬನ್ನಿ, ಸೊಸೆಯನ್ನೂ ಕರೆದುಕೊಂಡೇ ಹೋಗಿ.

ಮೊದಲು ಮಂಡಿಯ ವಿಷಯ. ಅಲ್ಲಿ ‘ರೆಡ್‌ವುಡ್ ಲೂಪ್’ ಎಂಬ ಕಾಲುದಾರಿಯಿದೆ. ಒಂದು ಸುತ್ತು ಬಂದರೆ ಸುಮಾರು ಒಂದು ಕಿಲೋಮೀಟರ್, ಹೆಚ್ಚುಕಡಿಮೆ ಸಮತಟ್ಟು. ಪಾರ್ಕಿನ ಹಿರಿಯ ಮರಗಳಲ್ಲಿ ಹಲವು ಈ ಸುತ್ತಿನಲ್ಲೇ ಸಿಗುತ್ತವೆ. ‘ಫಾದರ್ ಆಫ್ ದಿ ಫಾರೆಸ್ಟ್’ ಎಂದು ಹೆಸರಿಟ್ಟಿರುವ ಮರದ ಬುಡದ ಸುತ್ತಳತೆ 60 ಅಡಿಗೂ ಹೆಚ್ಚು. ‘ಮದರ್ ಆಫ್ ದಿ ಫಾರೆಸ್ಟ್’ ಒಂದು ಕಾಲಕ್ಕೆ 329 ಅಡಿ ಎತ್ತರವಿತ್ತು, ಆಮೇಲೆ ಬಿರುಗಾಳಿಗೆ ಅದರ ತುದಿ ಮುರಿಯಿತು. ಇಲ್ಲಿನ ಹಳೆಯ ಮರಗಳಿಗೆ ಸಾವಿರದಿಂದ ಎರಡು ಸಾವಿರ ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು ವಯಸ್ಸು. ಅವುಗಳಲ್ಲಿ ಬಹುಪಾಲು ಬದುಕಿವೆ.

ನಿಮ್ಮ ಕಣ್ಣಿಗೆ ಬೀಳುವುದು ಹೀಗೆ. ಬುಡದಿಂದ ಮೇಲಕ್ಕೆ ಕಪ್ಪಗೆ ಕರಕಲಾದ ಕಾಂಡ. ಕೈಯಿಟ್ಟರೆ ಬೆರಳಿಗೆ ಮಸಿ ಹತ್ತುತ್ತದೆ, ಒತ್ತಿದರೆ ತೊಗಟೆ ನಾರುನಾರಾಗಿ ಮೆತ್ತಗಿರುತ್ತದೆ. ತಲೆಯೆತ್ತಿ ನೋಡಿದರೆ ಅದೇ ಕಪ್ಪು ಕಾಂಡದ ಮೈತುಂಬ ಎಳೆಚಿಗುರು. ಪಕ್ಕಕ್ಕೆ ಚಾಚಿದ ದೊಡ್ಡ ಕೊಂಬೆಗಳು ಎಷ್ಟೋ ಮರಗಳಲ್ಲಿ ಇಲ್ಲ; ಕಾಂಡಕ್ಕೆ ನೇರವಾಗಿ ಹಸಿರು ಕಂಬಳಿ ಸುತ್ತಿದ ಹಾಗೆ ಚಿಗುರು ಹಬ್ಬಿದೆ. ಪ್ರಪಂಚದಲ್ಲಿ ಇಂಥ ನೋಟ ಸಿಗುವ ಜಾಗಗಳು ಕಡಿಮೆ. ಇನ್ನು ಇಪ್ಪತ್ತು ಮೂವತ್ತು ವರ್ಷಕ್ಕೆ ಆ ಚಿಗುರೆಲ್ಲ ಕೊಂಬೆಯಾಗಿ ಕಾಡು ಬೇರೆಯೇ ಕಾಣುತ್ತದೆ. ಹಾಗಾಗಿ ಈಗ ನೋಡಬೇಕಾದ್ದನ್ನು ಈಗಲೇ ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಹಾಸನದಲ್ಲಿ ಜಡಿ ಹಿಡಿದಿರುವಾಗ ನೀವು ವಿಮಾನ ಹತ್ತುತ್ತೀರಿ. ಅಲ್ಲಿ ಆಗಸ್ಟ್ ಎಂದರೆ ಒಣ ಕಾಲ. ಮಳೆ ಬೀಳುವುದು ಮುಖ್ಯವಾಗಿ ನವೆಂಬರಿನಿಂದ ಏಪ್ರಿಲ್ ತನಕ. ಬೆಳಿಗ್ಗೆ ಕಡಲ ಕಡೆಯಿಂದ ಮಂಜು ಬಂದರೆ ಸ್ವೆಟರ್ ಬೇಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು. ಮೊದಲಾಗಿದ್ದರೆ ಮೇಲಿನ ಎಲೆಚಪ್ಪರ ಬಿಸಿಲನ್ನು ತಡೆಯುತ್ತಿತ್ತು, ಈಗ ಅದು ಅರ್ಧಕ್ಕರ್ಧ ತೆಳುವಾಗಿದೆ. ಟೋಪಿ ಮರೆಯಬೇಡಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಹಳೆಯ ಕಟ್ಟಡಗಳು ಸುಟ್ಟುಹೋಗಿರುವುದರಿಂದ ಅಲ್ಲಿರುವುದು ತಾತ್ಕಾಲಿಕ ಶೌಚಾಲಯ. ದಾರಿಯಲ್ಲಿ ಸಿಗುವ ಬೌಲ್ಡರ್ ಕ್ರೀಕ್ ಊರಿನಲ್ಲಿ ಒಮ್ಮೆ ಇಳಿದು ಹೊರಟರೆ ನಿಮಗೆ ಅನುಕೂಲ.

ದಾರಿಯ ಬಗ್ಗೆ ಮಗನಿಗೆ ಒಂದು ಮಾತು ಹೇಳಿ. ಸರಟೋಗದಿಂದ 9ನೇ ಹೆದ್ದಾರಿ ಹತ್ತಿ, ಆಮೇಲೆ 236ಕ್ಕೆ ತಿರುಗಿದರೆ ದೂರ ಕಡಿಮೆ. ಆದರೆ ಆ ಕಡೆಯ 236 ತೀರಾ ಕಿರಿದು, ಮೈಯೆಲ್ಲ ತಿರುವು. ಚಾರ್ಮಾಡಿ ಘಾಟಿಯಲ್ಲಿ ನಿಮಗೆ ಹೊಟ್ಟೆ ತೊಳಸುತ್ತದೆ ಎಂದಾದರೆ 17ನೇ ಹೆದ್ದಾರಿಯಲ್ಲಿ ಸ್ಕಾಟ್ಸ್ ವ್ಯಾಲಿಗೆ ಬಂದು, ಫೆಲ್ಟನ್, ಬೌಲ್ಡರ್ ಕ್ರೀಕ್ ಮೇಲೆ ಹೋಗಿ. ಹೊತ್ತು ಸ್ವಲ್ಪ ಹೆಚ್ಚಾದರೂ ಪ್ರಯಾಣ ಹಿತ.

ಪಾರ್ಕಿಂಗ್ ಬುಕ್ ಮಾಡದೆ ಶನಿವಾರ ಹೋದರೆ ಒಳಗೆ ಬಿಡುತ್ತಾರಾ? ಅಲ್ಲಿ ಟೆಂಟ್ ಹಾಕಿ ಉಳಿಯಬಹುದಾ?
*— ಅಳಿಯ, ಫ್ರೀಮಾಂಟ್*

ಶನಿವಾರ, ಭಾನುವಾರ ಬುಕ್ ಮಾಡದೆ ಹೋಗಲೇಬೇಡಿ. ಬೆಂಕಿಯ ನಂತರ ಕಾರು ನಿಲ್ಲಿಸುವ ಜಾಗ ಬಹಳ ಕಡಿಮೆಯಾಗಿದೆ. ಅಷ್ಟು ದೂರ ಘಾಟಿ ಹತ್ತಿ ಹೋಗಿ ಅತ್ತೆ ಮಾವನನ್ನು ಕಾರಲ್ಲೇ ಕೂರಿಸಿ ವಾಪಸ್ ಬರುವ ಹಾಗಾಗಬಾರದು. ಪಾರ್ಕಿನ ಅಧಿಕೃತ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಿ. ಯಾವ ಕಾಲುದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬ ಪಟ್ಟಿಯೂ ಅಲ್ಲೇ ಇರುತ್ತದೆ. ಹೊರಡುವ ಹಿಂದಿನ ರಾತ್ರಿ ಅದನ್ನು ನೋಡಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಬುಕಿಂಗ್ ಆದ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ಏಕೆಂದರೆ ಪಾರ್ಕಿನೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಎರಡು ಕಾರಿನಲ್ಲಿ ಹೋಗುವವರು ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಪೆಟ್ರೋಲನ್ನು ಬೌಲ್ಡರ್ ಕ್ರೀಕ್‌ನಲ್ಲೇ ತುಂಬಿಸಿ.

ರೆಡ್‌ವುಡ್ ಮರಗಳ ನಡುವಿನ ಹಳೆಯ ಕ್ಯಾಂಪ್‌ಗಳು ಸುಟ್ಟುಹೋದವು. ಅಲ್ಲಿಗೆ ಹಗಲು ಹೋಗಿ ಬರುವ ಯೋಜನೆಯನ್ನೇ ಹಾಕಿಕೊಳ್ಳಿ. ರಜೆ ಸಿಗುವ ಹಾಗಿದ್ದರೆ ವಾರದ ನಡುವೆ ಒಂದು ದಿನ, ಬೆಳಿಗ್ಗೆ ಬೇಗ. ಆಗ ಕಾಡಿನಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೆ ಕೇಳುತ್ತದೆ.

ನಾವು ನಾಲ್ಕು ಕನ್ನಡ ಕುಟುಂಬದವರು ಸೇರಿ ಪಿಕ್‌ನಿಕ್ ಹೋಗಬೇಕೆಂದಿದ್ದೇವೆ. ಬಿಸಿಬೇಳೆಬಾತ್, ಮೊಸರನ್ನ, ಮಕ್ಕಳಿಗೆ ಚುರುಮುರಿ ಕಟ್ಟಿಕೊಂಡು ಹೋಗುತ್ತೇವೆ. ‘ಒಂದು ಅಗುಳೂ ಕೆಳಗೆ ಬೀಳಬಾರದು’ ಎಂಬ ನಿಯಮ ಅಲ್ಲಿದೆಯಂತೆ. ಅನ್ನ ತಾನೇ, ಪ್ಲಾಸ್ಟಿಕ್ ಅಲ್ಲವಲ್ಲ? ಹಕ್ಕಿಗಳು ತಿಂದುಕೊಳ್ಳುತ್ತವೆ ಬಿಡಿ ಅನಿಸುತ್ತದೆ.
*— ಗೃಹಿಣಿ, ಸ್ಯಾನ್ ಹೋಸೆ*

ಹಕ್ಕಿಗಳು ತಿಂದುಕೊಳ್ಳುತ್ತವೆ, ನಿಜ. ತೊಂದರೆ ಶುರುವಾಗುವುದೇ ಅಲ್ಲಿಂದ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ ಹೇಳಬೇಕು. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ಮಾರ್ಬಲ್ಡ್ ಮರ್ರೆಲೆಟ್ ಎಂಬ ಪುಟ್ಟ ಕಡಲಹಕ್ಕಿಯಿದೆ. ಮೀನು ಹಿಡಿದು ಬದುಕುವ, ಜಾಲಪಾದವಿರುವ ಹಕ್ಕಿ. ಅದು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಉತ್ತರ ಅಮೆರಿಕದ ಪಕ್ಷಿತಜ್ಞರಿಗೆ ಬಹುಕಾಲ ಬಗೆಹರಿಯದ ಒಗಟಾಗಿತ್ತು. ಕಡಲತೀರದ ಬಂಡೆಗಳಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. 1974ರಲ್ಲಿ ಬಿಗ್ ಬೇಸಿನ್‌ನ ಕ್ಯಾಂಪ್ ಜಾಗದಲ್ಲಿ ಅಪಾಯದ ಕೊಂಬೆಗಳನ್ನು ಕಡಿಯಲು ಮರ ಹತ್ತಿದ್ದ ಕೆಲಸದವರೊಬ್ಬರಿಗೆ, ಸುಮಾರು 150 ಅಡಿ ಎತ್ತರದಲ್ಲಿ, ಪಾಚಿ ಬೆಳೆದ ಕೊಂಬೆಯ ಮೇಲೆ ಒಂದು ಮರಿ ಕಂಡಿತು. ಕಡಲಿನಿಂದ ಮೈಲಿಗಟ್ಟಲೆ ಒಳಗೆ, ಬೆಟ್ಟದ ಮೇಲೆ, ಡಗ್ಲಸ್ ಫರ್ ಮರದ ತುದಿಯಲ್ಲಿ ಜಾಲಪಾದದ ಹಕ್ಕಿಮರಿ! ಒಗಟು ಬಿಡಿಸಿದ್ದು ಈ ಕಾಡು.

ಮರ್ರೆಲೆಟ್ ಗೂಡು ಕಟ್ಟುವುದಿಲ್ಲ. ಹಳೆಯ ಮರದ ಅಗಲವಾದ ಕೊಂಬೆಯ ಪಾಚಿಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ತಂದೆ ತಾಯಿ ಮುಖ್ಯವಾಗಿ ಮುಂಜಾವು, ಮುಸ್ಸಂಜೆಯ ಮಬ್ಬಿನಲ್ಲಿ ಕಡಲಿನಿಂದ ಮೀನು ಕಚ್ಚಿಕೊಂಡು ಹಾರಿ ಬಂದು ಮರಿಗೆ ತಿನ್ನಿಸುತ್ತವೆ. ರೆಕ್ಕೆ ಬಲಿತ ದಿನ ಮರಿ ಒಂಟಿಯಾಗಿ ಹೊರಟು ನೇರ ಕಡಲಿಗೆ ಹೋಗುತ್ತದೆ. ಒಂದು ಮೊಟ್ಟೆ ಹೋದರೆ ಆ ವರ್ಷದ ಸಂತಾನವೇ ಹೋದಂತೆ.

ಆ ಮೊಟ್ಟೆಯನ್ನು ಕದಿಯುವುದು ಸ್ಟೆಲ್ಲರ್ಸ್ ಜೇ ಮತ್ತು ರೇವನ್ ಎಂಬ ಹಕ್ಕಿಗಳು. ಎರಡೂ ಕಾಗೆಯ ಬಳಗ. ಜೇ ನೋಡಲು ಬಲು ಚೆಂದ: ನೀಲಿ ಮೈ, ಕಪ್ಪು ತಲೆ, ನೆಟ್ಟಗೆ ನಿಂತ ಜುಟ್ಟು. ನೀವು ಬುತ್ತಿ ಬಿಚ್ಚಿದ ಕೂಡಲೇ ಪಕ್ಕದ ಕೊಂಬೆಗೆ ಬಂದು ಕೂರುತ್ತದೆ. ಮಗುವಿನ ಕೈಯಿಂದ ಒಂದು ಕಡಲೆಬೀಜ ಜಾರಿತು ಅನ್ನಿ, ನೀವು ಬಗ್ಗುವಷ್ಟರಲ್ಲಿ ಅದು ಇಳಿದು, ಕಚ್ಚಿ, ಮೇಲೇರಿ ಆಯಿತು. ಜನ ಉಣ್ಣುವ ಜಾಗದಲ್ಲಿ ಹೀಗೆ ಸುಲಭದ ಊಟ ಸಿಗುವುದರಿಂದ ಈ ಹಕ್ಕಿಗಳ ಸಂಖ್ಯೆ ಉಳಿದ ಕಾಡಿಗಿಂತ ಅಲ್ಲಿ ಎಷ್ಟೋ ಹೆಚ್ಚು. ಹೊಟ್ಟೆ ತುಂಬಿದ ಜೇಗಳು ಸುತ್ತಲಿನ ಮರಗಳನ್ನೆಲ್ಲ ತಡಕಾಡುತ್ತವೆ, ಮರ್ರೆಲೆಟ್‌ನ ಒಂಟಿ ಮೊಟ್ಟೆ ಕಣ್ಣಿಗೆ ಬೀಳುತ್ತದೆ. ನಾವು ಚೆಲ್ಲಿದ ಚುರುಮುರಿಗೂ ಕಡಲಹಕ್ಕಿಯ ಅಳಿವಿಗೂ ಇರುವ ನಂಟು ಇದು. 1992ರಿಂದ ಈ ಹಕ್ಕಿ ಅಮೆರಿಕದ ಕಾನೂನಿನಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಜೇಗಳ ಅಭ್ಯಾಸ ಬಿಡಿಸಲು ವಿಜ್ಞಾನಿಗಳು ಮಾಡಿದ ಉಪಾಯವನ್ನೂ ಕೇಳಿ. ಕೋಳಿಮೊಟ್ಟೆಗಳಿಗೆ ಮರ್ರೆಲೆಟ್ ಮೊಟ್ಟೆಯ ಬಣ್ಣ, ಚುಕ್ಕೆ ಬಳಿದು, ಒಳಗೆ ವಾಂತಿ ತರಿಸುವ ಔಷಧಿ ಹಾಕಿ ಈ ಬೆಟ್ಟಗಳ ಕಾಡಿನಲ್ಲಿ ಇಟ್ಟರು. ಒಮ್ಮೆ ತಿಂದು ಒದ್ದಾಡಿದ ಜೇ ಆ ಬಣ್ಣದ ಮೊಟ್ಟೆಯ ತಂಟೆಗೆ ಮತ್ತೆ ಹೋಗದಿರಲಿ ಎಂಬುದು ಲೆಕ್ಕ. ಬೆಂಕಿಗೆ ಮೊದಲು, ಇಲ್ಲಿ ಕ್ಯಾಂಪ್ ಮಾಡಲು ಬಂದವರಿಂದ ಕಾಳು ಚೆಲ್ಲುವುದಿಲ್ಲ ಎಂದು ಮಾತು ಪಡೆಯುತ್ತಿದ್ದರು. ಬೆಂಕಿಯಲ್ಲಿ ಡಗ್ಲಸ್ ಫರ್ ಮರಗಳು ಸತ್ತು, ಹಳೆಯ ಕೊಂಬೆಗಳೂ ಪಾಚಿಯೂ ಸುಟ್ಟಿರುವುದರಿಂದ ಮರ್ರೆಲೆಟ್‌ಗೆ ಮೊಟ್ಟೆಯಿಡಲು ಇರುವ ಜಾಗವೇ ಈಗ ಕಡಿಮೆ. ಹಾಗಾಗಿ ಆ ಮಾತಿಗೆ ಈಗ ತೂಕ ಇನ್ನೂ ಹೆಚ್ಚು.

ಬಿಸಿಬೇಳೆಬಾತ್, ಮೊಸರನ್ನ ಧಾರಾಳವಾಗಿ ಒಯ್ಯಿರಿ. ಮುದ್ದೆಯಾಗಿ ತಟ್ಟೆಯಲ್ಲೇ ಉಳಿಯುವ ಊಟ ಒಳ್ಳೆಯದು. ಚುರುಮುರಿ, ಮಿಕ್ಸ್ಚರ್, ಕಡಲೆಪುರಿಯನ್ನು ಮನೆಯಲ್ಲೇ ಬಿಡಿ. ಗಾಳಿಗೆ ಚೆಲ್ಲುವ ತಿಂಡಿ ಅವು. ನಡೆಯುತ್ತಾ ತಿನ್ನುವುದು ಬೇಡ. ಒಂದು ಕಡೆ ಹಳೆಯ ಬೆಡ್‌ಶೀಟ್ ಹಾಸಿ, ಕೂತು ಉಂಡು, ಎದ್ದ ಮೇಲೆ ಅದನ್ನು ನಾಲ್ಕು ಮೂಲೆ ಹಿಡಿದು ಮಡಚಿ ಕಾರಿಗೆ ಹಾಕಿ. ಅಲ್ಲಿ ಕೊಡವಬೇಡಿ, ಮನೆಗೆ ತಂದು ಕೊಡವಿ. ಬಾಳೆಹಣ್ಣಿನ ಸಿಪ್ಪೆ, ಕರಿಬೇವು ಕೂಡ ವಾಪಸ್ ಬರಲಿ. ಮಕ್ಕಳಿಗೆ ಮರ್ರೆಲೆಟ್ ಕಥೆಯನ್ನು ಹಿಂದಿನ ದಿನವೇ ಹೇಳಿ ಕರೆದುಕೊಂಡು ಹೋಗಿ. ಆಮೇಲೆ ದೊಡ್ಡವರ ತಟ್ಟೆಯಿಂದ ಬಿದ್ದದ್ದನ್ನೂ ಅವರೇ ಹೆಕ್ಕುತ್ತಾರೆ.

2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ಕಣ್ಣಾರೆ ಕಂಡವನು ನಾನು. ಬಿಗ್ ಬೇಸಿನ್‌ನ ಬೆಂಕಿಗೆ ಕಾರಣವೇನು? ಅಷ್ಟು ದೊಡ್ಡ ಬೆಂಕಿಯಲ್ಲಿ ಮರ ಬದುಕುವುದು ಹೇಗೆ?
*— ನಿವೃತ್ತ ಶಿಕ್ಷಕ, ಗುಂಡ್ಲುಪೇಟೆ*

ಮೇಷ್ಟ್ರೇ, ನಮ್ಮ ಕಡೆಯ ಕಾಡಿನ ಬೆಂಕಿ ಬಹುತೇಕ ಮನುಷ್ಯರು ಇಟ್ಟದ್ದು. ಬಿಗ್ ಬೇಸಿನ್‌ನ ಬೆಂಕಿ ಬಿದ್ದದ್ದು ಸಿಡಿಲಿನಿಂದ. 2020ರ ಆಗಸ್ಟ್ 16ರಂದು, ವಿಪರೀತ ಸೆಖೆಯ ನಡುವೆ, ಮಳೆಯೇ ಇಲ್ಲದ ಗುಡುಗು ಸಿಡಿಲು ಆ ಬೆಟ್ಟಗಳ ಮೇಲೆ ಎರಗಿತು. ಅಲ್ಲಲ್ಲಿ ಹತ್ತಿಕೊಂಡ ಸಣ್ಣ ಬೆಂಕಿಗಳು ಎರಡು ದಿನದಲ್ಲಿ ಗಾಳಿಗೆ ಒಂದಾದವು. ಒಟ್ಟು 86,000ಕ್ಕೂ ಹೆಚ್ಚು ಎಕರೆ ಸುಟ್ಟಿತು. ಕೆಲವು ದೊಡ್ಡ ಮರಗಳ ಒಳಗೆ ಕೆಂಡ ಮುಂದಿನ ವರ್ಷದವರೆಗೂ ಹೊಗೆಯಾಡುತ್ತಿತ್ತು.

ಸಿಡಿಲು ನೆಪ, ಆದರೆ ಉರುವಲು ಕೂಡಿಟ್ಟದ್ದು ನೂರು ವರ್ಷದ ನೀತಿ ಎಂಬುದನ್ನೂ ಹೇಳಬೇಕು. ಈ ಬೆಟ್ಟ, ಕಡಲತೀರದಲ್ಲಿ ಕೊಟೊನಿ, ಕ್ವಿರೋಸ್ತೆ ಮುಂತಾದ ಮೂಲನಿವಾಸಿ ಸಮುದಾಯಗಳಿದ್ದವು. ಹುಲ್ಲು, ಕುರುಚಲನ್ನು ಕಾಲ ನೋಡಿ, ಅಳತೆ ನೋಡಿ ಸುಡುವುದು ಅವರ ಬದುಕಿನ ಭಾಗವಾಗಿತ್ತು. ಸ್ಪ್ಯಾನಿಷರು ಬಂದ ಮೇಲೆ ಅದು ನಿಂತಿತು, ಆಮೇಲಿನ ಸರ್ಕಾರಗಳು ಎಲ್ಲ ಬೆಂಕಿಯನ್ನೂ ನಂದಿಸುತ್ತಾ ಬಂದವು. ಕೆಳಗೆ ಒಣ ಕಡ್ಡಿ, ಕುರುಚಲು ರಾಶಿಬಿತ್ತು. ಈಗ ಅಮಾ ಮುತ್ಸುನ್ ಎಂಬ ಮೂಲನಿವಾಸಿ ಬಳಗದವರ ತಿಳಿವಳಿಕೆಯನ್ನು ಈ ಪ್ರದೇಶದ ಕಾಡು ನೋಡಿಕೊಳ್ಳುವ ಕೆಲಸದಲ್ಲಿ ಬಳಸುತ್ತಿದ್ದಾರೆ. ತಡವಾಗಿಯಾದರೂ ಆಗಬೇಕಾದ ಕೆಲಸ.

ಇನ್ನು ಮರ ಬದುಕಿದ್ದು ಹೇಗೆ ಎಂದರೆ, ರೆಡ್‌ವುಡ್‌ನ ತೊಗಟೆ ಒಂದು ಅಡಿಯವರೆಗೆ ದಪ್ಪ ಬೆಳೆಯುತ್ತದೆ. ಪೈನ್ ಮರದಂತೆ ಹೊತ್ತಿ ಉರಿಯುವ ರಾಳ ಅದರಲ್ಲಿಲ್ಲ, ಬದಲಿಗೆ ಟ್ಯಾನಿನ್ ತುಂಬಿದೆ. ತೊಗಟೆ ಕರಕಲಾದರೂ ಒಳಗಿನ ಜೀವಪದರಕ್ಕೆ ಬಿಸಿ ಮುಟ್ಟುವುದು ಕಷ್ಟ. ಜೊತೆಗೆ ತೊಗಟೆಯ ಅಡಿಯಲ್ಲಿ, ಬುಡದ ಗಂಟಿನಲ್ಲಿ, ಸುಪ್ತ ಮೊಗ್ಗುಗಳು ಮಲಗಿರುತ್ತವೆ. ನೀಲಗಿರಿ ಕಡಿದ ಮೇಲೆ ಬುಡದಿಂದ ಚಿಗುರೊಡೆಯುವುದನ್ನು ನೀವು ನಿಮ್ಮ ಕಡೆ ನೋಡಿಯೇ ಇರುತ್ತೀರಿ. ಇಲ್ಲಿ ಬುಡದಿಂದಷ್ಟೇ ಅಲ್ಲ, ಇನ್ನೂರು ಅಡಿ ಮೇಲಿನ ತನಕ ಕಾಂಡದುದ್ದಕ್ಕೂ ಚಿಗುರು ಒಡೆಯಿತು.

ಸೂಜಿಯೆಲೆಯೆಲ್ಲ ಸುಟ್ಟುಹೋದ ಮೇಲೆ ಆಹಾರ ತಯಾರಿಸುವವರು ಯಾರು? ಚಿಗುರೊಡೆಯಲು ಸಕ್ಕರೆ ಎಲ್ಲಿಂದ ಬಂತು? ಈ ಪ್ರಶ್ನೆ ಹಿಡಿದು ಬಿಗ್ ಬೇಸಿನ್‌ನ ಮರಗಳ ಮೇಲೆಯೇ ನಡೆದ ಅಧ್ಯಯನ 2023ರಲ್ಲಿ ‘ನೇಚರ್ ಪ್ಲಾಂಟ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸ ಚಿಗುರಿನಲ್ಲಿದ್ದ ಇಂಗಾಲದ ವಯಸ್ಸನ್ನು ಅಳೆದು ನೋಡಿದರೆ, ದಶಕಗಳ ಹಿಂದೆ ಬಿಸಿಲಿನಿಂದ ಮಾಡಿ ಮೈಯೊಳಗೆ ಕೂಡಿಟ್ಟಿದ್ದ ಸಕ್ಕರೆಯನ್ನು ಮರ ಈಗ ಖರ್ಚು ಮಾಡಿತ್ತು. ಚಿಗುರಿದ ಮೊಗ್ಗುಗಳೂ ಶತಮಾನಗಳಷ್ಟು ಹಳೆಯವು. ನಿಮ್ಮ ಮಕ್ಕಳು ಆ ಮರದ ಕೆಳಗೆ ನಿಂತಾಗ ಇದನ್ನು ಅವರಿಗೆ ಹೇಳಿ: ಬೆಂಕಿಯ ನಂತರ ಮೊದಲು ಒಡೆದ ಚಿಗುರಿಗೆ ಅವರ ಅಜ್ಜನ ಕಾಲದ ಬಿಸಿಲು ಸೇರಿದೆ.

ಎಲ್ಲ ಮರವೂ ಬದುಕಲಿಲ್ಲ. ಡಗ್ಲಸ್ ಫರ್‌ಗಳು ದೊಡ್ಡ ಪ್ರಮಾಣದಲ್ಲಿ ಸತ್ತವು; ಒಣಗಿ ಬೂದಿಬಣ್ಣದಲ್ಲಿ ನಿಂತಿರುವವು ಅವೇ. ಟ್ಯಾನ್‌ಓಕ್ ಬುಡದಿಂದ ಚಿಗುರಿದೆ. ನಾಬ್‌ಕೋನ್ ಪೈನ್ ಎಂಬ ಮರದ ಕಾಯಿ ಬೆಂಕಿಯ ಬಿಸಿ ತಾಗಿದ ಮೇಲೆಯೇ ಬಾಯಿಬಿಟ್ಟು ಬೀಜ ಚೆಲ್ಲುವಂಥದ್ದು. ಸತ್ತ ಮರದ ಕೊಂಬೆ ಯಾವ ಹೊತ್ತಿಗೂ ಬೀಳಬಹುದು. ಆದ್ದರಿಂದ ಗಾಳಿ ಜೋರಿರುವ ದಿನ ಆ ಕಡೆ ಹೋಗಬಾರದು, ಮುಚ್ಚಿದ ದಾರಿಯ ಹಗ್ಗ ದಾಟಬಾರದು.

2011ರಲ್ಲಿ ಮಗಳ ಮನೆಗೆ ಹೋದಾಗ ನೋಡಿದ್ದೆ. ದಿಮ್ಮಿಗಳಿಂದ ಕಟ್ಟಿದ ಆ ಕಚೇರಿ, ಮ್ಯೂಸಿಯಂ, ಹಗಲಲ್ಲೂ ಕತ್ತಲೆಯೆನಿಸುತ್ತಿದ್ದ ನೆರಳು ಕಣ್ಣ ಮುಂದಿದೆ. ನನ್ನವಳು ಜೊತೆಗಿದ್ದಳು. ಈಗ ಅವಳಿಲ್ಲ. ಮಗಳು ಮತ್ತೆ ಕರೆಯುತ್ತಿದ್ದಾಳೆ. ಹೋಗಲೋ ಬೇಡವೋ?
*— ದಾವಣಗೆರೆಯ ಓದುಗರು*

ಯಜಮಾನರೇ, ನೀವು ನೆನಪಿಸಿದ ಕಚೇರಿ 1930ರ ದಶಕದಲ್ಲಿ, ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಸರ್ಕಾರ ಕೆಲಸವಿಲ್ಲದ ತರುಣರಿಗೆ ಕೆಲಸ ಕೊಟ್ಟು ಕಟ್ಟಿಸಿದ್ದು. ಅದು ಪೂರ್ತಿ ಸುಟ್ಟಿತು. ಮ್ಯೂಸಿಯಂ ಹೋಯಿತು, ಕ್ಯಾಂಪ್‌ಗಳು ಹೋದವು. ನೀವು ಕಂಡ ನೆರಳು ನಿಮ್ಮ ನಮ್ಮ ಕಾಲದಲ್ಲಿ ಮತ್ತೆ ಬರುವುದಿಲ್ಲ. ಇದನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು. ಕಾರು ಇಳಿದ ಮೊದಲ ಹತ್ತು ನಿಮಿಷ ನಿಮಗೆ ಸಂಕಟವಾಗುತ್ತದೆ.

ಆದರೂ ಹೋಗಿ ಎನ್ನುತ್ತೇನೆ. ಅವರ ಜೊತೆ ನಿಂತು ನೋಡಿದ ಮರ ಅಲ್ಲೇ ಇರುವ ಸಾಧ್ಯತೆ ಹೆಚ್ಚು. 2011ರಲ್ಲಿ ತೆಗೆದ ಫೋಟೊ ಇದ್ದರೆ ಒಯ್ಯಿರಿ, ಮರದ ಹೆಸರಿನ ಫಲಕ ನೋಡಿ ಮಗಳು ಹುಡುಕಿಕೊಡುತ್ತಾಳೆ. ಮೊದಲ ಸುತ್ತು ಮಾತಿಲ್ಲದೆ ಮುಗಿಸಿ, ಕೂತು ಸುಧಾರಿಸಿಕೊಂಡು, ಮನಸ್ಸಿದ್ದರೆ ಇನ್ನೊಂದು ಸುತ್ತು ಬನ್ನಿ. ಮೊದಲ ಸುತ್ತಿನಲ್ಲಿ ಕರಕಲು ಕಾಣುತ್ತದೆ, ಚಿಗುರು ಕಾಣಲು ಕಣ್ಣಿಗೆ ಸ್ವಲ್ಪ ಹೊತ್ತು ಬೇಕು.

ಇನ್ನೊಂದು ಸಂಗತಿ ನಿಮಗೆ ಸಮಾಧಾನ ಕೊಡಬಹುದು. ಕಟ್ಟಡಗಳನ್ನು, ಕಾರು ನಿಲ್ಲಿಸುವ ಬಯಲನ್ನು ಮತ್ತೆ ಹಳೆಯ ಮರಗಳ ನಡುವೆ ತರದೆ ದೂರಕ್ಕೆ ಸರಿಸಿ, ಜನರನ್ನು ಅಲ್ಲಿಂದ ಬಸ್ಸಿನಲ್ಲಿ ಕರೆದೊಯ್ಯುವ ಯೋಜನೆಯನ್ನು ಪಾರ್ಕಿನವರು ಮುಂದಿಟ್ಟಿದ್ದಾರೆ. ರೆಡ್‌ವುಡ್ ಬೇರು ಆಳಕ್ಕಿಳಿಯುವುದು ಹತ್ತು ಹನ್ನೆರಡು ಅಡಿಯಷ್ಟೇ, ಹರಡುವುದು ಬಹುದೂರ. ಅದರ ಮೇಲೆ ಟಾರು ಹಾಕಿ ಕಾರು ನಿಲ್ಲಿಸುತ್ತಿದ್ದುದು ಮೊದಲಿನಿಂದಲೂ ತಪ್ಪೇ. ಬೆಂಕಿ ಇದೊಂದು ಅವಕಾಶ ಕೊಟ್ಟಿದೆ, ಅದನ್ನು ಅವರು ಬಳಸಿಕೊಳ್ಳಲಿ.

ಕರಡಿ ಇದೆಯಾ? ಹಾವು? ನಮ್ಮ ಕಡೆಯ ಹಾಗೆ ಇಂಬಳ ಕಚ್ಚುತ್ತದಾ?
*— ಮಲೆನಾಡಿನ ದಂಪತಿ, ಕೊಪ್ಪ*

ಇಂಬಳದ ಕಾಟವಿಲ್ಲ, ಉಪ್ಪಿನ ಗಂಟು ಬೇಡ. ಗ್ರಿಜ್ಲಿ ಕರಡಿಗಳು ಒಂದು ಕಾಲಕ್ಕೆ ಇದ್ದವು. 1875ರಲ್ಲಿ ಅಲ್ಲಿನ ಮರದ ಮಿಲ್ಲಿನ ಮಾಲೀಕ ವಿಲಿಯಂ ವಾಡೆಲ್ ಸತ್ತದ್ದು ಕರಡಿಯ ದಾಳಿಯಿಂದ. ಆ ಕರಡಿ ಈಗ ಕ್ಯಾಲಿಫೋರ್ನಿಯಾದ ಬಾವುಟದ ಮೇಲಷ್ಟೇ ಇದೆ, ರಾಜ್ಯದಲ್ಲಿ ಎಲ್ಲೂ ಇಲ್ಲ. ಪೂಮಾ ಇದೆ, ಕಾಣುವುದು ಅಪರೂಪ. ಸಣ್ಣ ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ. ಬಿಸಿಲು ಬೀಳುವ ಒಣ ಜಾಗದಲ್ಲಿ ರ್‍ಯಾಟಲ್‌ಸ್ನೇಕ್ ಇರಬಹುದು, ಕಾಲಿಡುವ ಮೊದಲು ನೋಡಿ. ಉಣ್ಣಿಗಳು ಲೈಮ್ ಕಾಯಿಲೆ ಹರಡುವುದುಂಟು. ಮಂಗನ ಕಾಯಿಲೆಯ ಸೀಮೆಯವರಾದ ನಿಮಗೆ ಕಾಡಿಂದ ಬಂದ ಮೇಲೆ ಮೈ ನೋಡಿಕೊಂಡು ಸ್ನಾನ ಮಾಡುವುದನ್ನು ನಾನು ಹೇಳಿಕೊಡಬೇಕಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಗೋಳಾಡಿಸುವುದು ಪಾಯ್ಸನ್ ಓಕ್ ಎಂಬ ಗಿಡ. ಒಂದು ತೊಟ್ಟಿಗೆ ಮೂರು ಎಲೆ, ಎಳೆಯದು ಹೊಳೆಯುವ ಹಸಿರು, ಬೇಸಿಗೆಯ ಕೊನೆಗೆ ಕೆಂಪು. ಇದು ಮಾವು, ಗೇರು, ಕರಿಗೇರುಗಳ ಕುಟುಂಬಕ್ಕೇ ಸೇರಿದ್ದು. ಕರಿಗೇರಿನ ರಸ ತಾಗಿ ಮೈ ಸುಟ್ಟಂತೆ ಬಾತುಕೊಳ್ಳುವುದನ್ನು ನಿಮ್ಮ ಕಡೆಯವರು ಬಲ್ಲರು. ಇಲ್ಲೂ ಅದೇ ಜಾತಿಯ ಎಣ್ಣೆ. ಗಿಡ ಮುಟ್ಟಿದ ಬಟ್ಟೆಯಿಂದಲೂ, ಷೂ ದಾರದಿಂದಲೂ ಕೈಗೆ ಹತ್ತುತ್ತದೆ. ಬೆಂಕಿಯ ನಂತರ ಬಿಸಿಲು ಕಂಡು ಕುರುಚಲು ಗಿಡಗಳೆಲ್ಲ ಹುಲುಸಾಗಿವೆ. ಉದ್ದ ಪ್ಯಾಂಟ್ ತೊಟ್ಟು ದಾರಿಯ ನಡುವೆಯೇ ನಡೆಯಿರಿ. ತಾಗಿದ ಅನುಮಾನ ಬಂದರೆ ಸೋಪು ಹಚ್ಚಿ ತಣ್ಣೀರಲ್ಲಿ ಬೇಗ ತೊಳೆಯಿರಿ.

ಮರದ ಹೊಟ್ಟೆಯೊಳಗೆ ಕಾರು ಹೋಗುವ ಫೋಟೊ ನಮ್ಮ ಪುಸ್ತಕದಲ್ಲಿದೆ. ಅದು ಇಲ್ಲೇನಾ? ಒಂದು ಕಾಯಿ ತರಬಹುದಾ, ಸ್ಕೂಲಿಗೆ ತೋರಿಸಲು?
*— ಐದನೇ ಕ್ಲಾಸಿನ ಹುಡುಗಿ, ಮೈಸೂರು*

ಪುಟ್ಟೀ, ಪುಸ್ತಕಗಳಲ್ಲಿ ಬರುವ ಆ ಹಳೆಯ ಫೋಟೊ ಸಾಮಾನ್ಯವಾಗಿ ಯೊಸೆಮಿಟಿಯ ವಾವೋನಾ ಮರದ್ದು. ಅದು ಜೈಂಟ್ ಸಿಕೋಯ, ರೆಡ್‌ವುಡ್‌ನ ಅಕ್ಕನೋ ತಂಗಿಯೋ ಅನ್ನು. ಅದು ದಪ್ಪದಲ್ಲಿ ಮುಂದೆ, ಇದು ಎತ್ತರದಲ್ಲಿ ಮುಂದೆ. ಕಾರುಗಳ ಕಾಲಕ್ಕೂ ಮೊದಲೇ, ಕುದುರೆಗಾಡಿ ಹೋಗಲೆಂದು ಹೊಟ್ಟೆ ಕೊರೆದ ಆ ಮರ 1969ರಲ್ಲಿ ಬಿದ್ದುಹೋಯಿತು. ಬಿಗ್ ಬೇಸಿನ್‌ನಲ್ಲಿ ‘ಚಿಮಣಿ ಮರ’ ಎಂದೊಂದಿದೆ; ಹಳೆಯ ಬೆಂಕಿಗಳಲ್ಲಿ ಒಳಗೆಲ್ಲ ಟೊಳ್ಳಾಗಿರುವ ಮರ.

ಕಾಯಿ ತರಬೇಡ, ಅಲ್ಲಿಂದ ಏನನ್ನೂ ತರುವಂತಿಲ್ಲ. ಕೆಳಗೆ ಬಿದ್ದದ್ದನ್ನು ಅಂಗೈ ಮೇಲಿಟ್ಟು ಫೋಟೊ ತೆಗೆಸಿಕೊಂಡು ಅಲ್ಲೇ ಇಡು. ಪ್ರಪಂಚದಲ್ಲೇ ಎತ್ತರದ ಮರದ ಕಾಯಿ ಒಂದು ಅಂಗುಲಕ್ಕಿಂತ ದೊಡ್ಡದಿರುವುದಿಲ್ಲ ಎಂದು ಕ್ಲಾಸಿನಲ್ಲಿ ಹೇಳು. ನೆಲದ ಮೇಲೆ ಬಾಳೆಹಣ್ಣಿನ ಬಣ್ಣದ ದೊಡ್ಡ ಬಸವನಹುಳು, ಮನೆಯಿಲ್ಲದ್ದು, ಸಿಗಬಹುದು. ಹತ್ತಿರದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಲಾಂಛನವಾಗಿ ಆರಿಸಿಕೊಂಡಿರುವುದು ಆ ಹುಳುವನ್ನೇ.

ಈ ಕಾಡನ್ನು ಉಳಿಸಿದವರು ಯಾರು?
*— ಅರಣ್ಯಶಾಸ್ತ್ರ ವಿದ್ಯಾರ್ಥಿ, ಶಿವಮೊಗ್ಗ*

ಒಬ್ಬ ಫೋಟೊಗ್ರಾಫರ್ ಮತ್ತು ಅವರ ಜೊತೆ ನಿಂತ ಊರಿನ ಜನ. ಸ್ಯಾನ್ ಹೋಸೆಯ ಆಂಡ್ರ್ಯೂ ಪಿ. ಹಿಲ್ ಫೆಲ್ಟನ್‌ನ ಖಾಸಗಿ ರೆಡ್‌ವುಡ್ ತೋಪಿನಲ್ಲಿ ಫೋಟೊ ತೆಗೆದಾಗ ಮಾಲೀಕ ಆಕ್ಷೇಪಿಸಿ, ಪ್ಲೇಟುಗಳನ್ನು ಒಪ್ಪಿಸು ಎಂದ. ಹಿಲ್ ಒಪ್ಪಿಸಲಿಲ್ಲ. ಇಂಥ ಮರಗಳು ಒಬ್ಬರ ಸ್ವತ್ತಾಗಿರಬಾರದು ಎಂದು ಅವರು ಪಟ್ಟು ಹಿಡಿದರು. 1900ರ ಮೇ ತಿಂಗಳಲ್ಲಿ ಒಂದು ತಂಡ ಬಿಗ್ ಬೇಸಿನ್‌ಗೆ ಹೋಗಿ ಕ್ಯಾಂಪ್ ಮಾಡಿ, ಅಲ್ಲೇ ಸೆಂಪರ್ವೈರೆನ್ಸ್ ಕ್ಲಬ್ ಕಟ್ಟಿತು. ಲೇಖಕಿ ಕ್ಯಾರಿ ಸ್ಟೀವನ್ಸ್ ವಾಲ್ಟರ್ ಮತ್ತು ಸ್ಯಾನ್ ಹೋಸೆಯ ಮಹಿಳಾ ಸಂಘದವರು ಇದರಲ್ಲಿ ಮುಂದಿದ್ದರು, ಅವರ ಹೆಸರನ್ನು ಬಿಡಬೇಡಿ. 1901ರಲ್ಲಿ ಶಾಸನಸಭೆ ಎರಡೂವರೆ ಲಕ್ಷ ಡಾಲರ್ ಮಂಜೂರು ಮಾಡಿತು, ಮರುವರ್ಷ 3,800 ಎಕರೆ ರಾಜ್ಯದ್ದಾಯಿತು. ಈಗ ಅದು 18,000 ಎಕರೆಗೂ ಮಿಕ್ಕಿದೆ. ಹಿಲ್‌ಗೆ ಬಾಗಿಲು ಮುಚ್ಚಿದ ಆ ಖಾಸಗಿ ತೋಪು ಕೂಡ ಈಗ ಸಾರ್ವಜನಿಕರದ್ದು. ಅದು ಹೆನ್ರಿ ಕೋವೆಲ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್‌ನ ಭಾಗ.

ನಾವು ಹೋಗುವುದು ಡಿಸೆಂಬರ್‌ನಲ್ಲಿ. ಮಳೆ ಬಂದರೆ? ಸಿಗುವುದು ಒಂದೇ ದಿನ.
*— ಬೆಳಗಾವಿಯ ಓದುಗರು*

ಚಳಿಗಾಲದ ಬಿರುಮಳೆಗೆ ಆ ಬೆಟ್ಟಗಳಲ್ಲಿ ಮರ ಬೀಳುತ್ತವೆ, ಸುಟ್ಟ ಇಳಿಜಾರಿನ ಮಣ್ಣು ಕುಸಿಯುತ್ತದೆ, ಪಾರ್ಕನ್ನೇ ಮುಚ್ಚುವುದೂ ಉಂಟು. ಬಿರುಗಾಳಿಯ ಮುನ್ಸೂಚನೆ ಇದ್ದರೆ ಹಟ ಮಾಡಬೇಡಿ. ಆದರೆ ಮಳೆ ಬಿಟ್ಟ ಮರುದಿನ, ಪಾರ್ಕ್ ತೆರೆದಿದ್ದರೆ, ಅದಕ್ಕಿಂತ ಒಳ್ಳೆಯ ದಿನವಿಲ್ಲ: ತೊರೆಗಳಲ್ಲಿ ನೀರು ಓಡುತ್ತಿರುತ್ತದೆ, ಜನ ಕಡಿಮೆ.

ಬದಲಿಗೆ ಒಂದು ಜಾಗ ಇಟ್ಟುಕೊಳ್ಳಿ. ಮೇಲೆ ಹೇಳಿದ ಹೆನ್ರಿ ಕೋವೆಲ್ ಪಾರ್ಕ್ ಫೆಲ್ಟನ್ ಊರಿಗೆ ಅಂಟಿಕೊಂಡಂತೆಯೇ ಇದೆ. ಅಲ್ಲಿನ ಹಳೆಯ ತೋಪಿಗೆ 2020ರ ಬೆಂಕಿ ತಟ್ಟಲಿಲ್ಲ. ಸುತ್ತುದಾರಿ ಸಮತಟ್ಟು, ಒಂದೂಕಾಲು ಕಿಲೋಮೀಟರ್ ಅಷ್ಟೇ. ಸುಡುವ ಮೊದಲಿನ ಬಿಗ್ ಬೇಸಿನ್ ಹೇಗಿತ್ತು ಎಂದು ಅಲ್ಲಿ ಅಂದಾಜಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಮ್ಯುಯರ್ ವುಡ್ಸ್ ಹೆಚ್ಚು ಹೆಸರುವಾಸಿ, ಹಾಗಾಗಿಯೇ ಜನಜಂಗುಳಿ. ಅಲ್ಲಿಯೂ ಪಾರ್ಕಿಂಗ್ ಬುಕಿಂಗ್ ಕಡ್ಡಾಯ. ಒಂದೇ ದಿನವಿದ್ದು ಹವೆ ಚೆನ್ನಾಗಿದ್ದರೆ ನಾನು ಹೇಳುವುದು ಹೀಗೆ: ಬೆಳಿಗ್ಗೆ ಬೇಗ ಬಿಗ್ ಬೇಸಿನ್, ಮಧ್ಯಾಹ್ನದ ಊಟ ಬೌಲ್ಡರ್ ಕ್ರೀಕ್‌ನಲ್ಲಿ, ಇಳಿಯುವಾಗ ಫೆಲ್ಟನ್‌ನ ತೋಪು. ಡಿಸೆಂಬರ್‌ನಲ್ಲಿ ಐದು ಗಂಟೆಗೆಲ್ಲ ಕತ್ತಲಾಗುತ್ತದೆ, ನಾಲ್ಕೂವರೆಯೊಳಗೆ ಬೆಟ್ಟದಿಂದ ಇಳಿದು 17ನೇ ಹೆದ್ದಾರಿ ಸೇರಿಕೊಳ್ಳಿ.